ಹಿಂದಕ್ಕೆ ಓಡಿದ ಹನ್ನೆರಡು ಕುದುರೆ

ಯಂತ್ರದ ಗೇರುಗಳಿಗೆ ಹಲ್ಲು ಕೊರೆಯುವುದೇ ಕೆಲಸವಾದ್ದರಿಂದ ಬೀದಿಯವರೆಲ್ಲ ಅವಳನ್ನು ‘ಹಲ್ಲಿನ ಡಾಕ್ಟರು’ ಎನ್ನುತ್ತಿದ್ದರು. ಕೆನ್ನೆ ಊದಿಸಿಕೊಂಡು ಬಂದ ಇಬ್ಬರನ್ನು ಅವಳು ಸಮಾಧಾನ ಹೇಳಿ ವಾಪಸ್ಸು ಕಳಿಸಿದ್ದೂ ಉಂಟು.

ಪಾರ್ಕಿನ ತಿರುಗುಕುದುರೆಯ ಗೇರ್‌ಬಾಕ್ಸ್ ಅವಳ ಮೇಜಿಗೆ ಬಂದ ದಿನ ಮನೆಯಲ್ಲಿ ಯುದ್ಧ ಶುರುವಾಯಿತು. ಇಪ್ಪತ್ತು ವರ್ಷದ ಹಿಂದೆ ಅದನ್ನು ಕಟ್ಟಿದವರು ಅವಳ ಮಾವ. ಒಳಗಿದ್ದದ್ದು ವರ್ಮ್ ಗೇರು, ಅಂದರೆ ತಿರುಪಿನಂಥ ಉಕ್ಕಿನ ದಂಡ ಮತ್ತು ಅದಕ್ಕೆ ಕಚ್ಚಿಕೊಂಡ ಕಂಚಿನ ಚಕ್ರ. ಕಂಚು ಸವೆದು ಎಣ್ಣೆಯೆಲ್ಲ ಹೊಂಬಣ್ಣಕ್ಕೆ ತಿರುಗಿತ್ತು.

“ಅದನ್ನೇ ಹೊಸದಾಗಿ ಹಾಕು. ಜಾಗ ಕಮ್ಮಿ, ಸದ್ದಿಲ್ಲ,” ಅಂದರು ಮಾವ.

“ಕಾದು ಕೆಂಡ ಆಗತ್ತೆ ಮಾವ. ಮೋಟಾರ್ ಆರಿಸಿದ್ರೆ ಗಕ್ಕಂತ ಹಿಡ್ಕೊಳ್ಳತ್ತೆ. ಎಷ್ಟು ಜನರ ಮೂಗು ಕುದುರೆ ಕುತ್ತಿಗೆಗೆ ಬಡಿದಿದೆ ಗೊತ್ತಾ?”

“ನಂದೂ ಬಡಿದಿದೆ. ಸತ್ತಿದೀನಾ?”

ಅವಳು ಹಟ ಬಿಡಲಿಲ್ಲ. ಮೋಟಾರು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು ತಿರುಗುತ್ತಿತ್ತು, ಕುದುರೆಗಳಿಗೆ ಆರೇ ಸಾಕು. ಮೋಟಾರಿನ ಪಕ್ಕದಲ್ಲಿ ವೇಗ ಜಾಸ್ತಿ, ಬಲ ಕಡಿಮೆ. ಅಲ್ಲಿ ದಿಕ್ಕು ಬದಲಿಸುವ ಪುಟ್ಟ ಬೆವೆಲ್ ಗೇರುಗಳನ್ನಿಟ್ಟು ವೇಗವನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದಳು. ನಡುವೆ ಗಲಾಟೆ ಮಾಡದ ಓರೆಹಲ್ಲಿನ ಜೋಡಿ, ಅದು ಎಂಟರಲ್ಲೊಂದು. ಕೊನೆಗೆ ಭಾರ ಹೊರಲು ನೇರ ಹಲ್ಲಿನ ದೊಡ್ಡ ಚಕ್ರ, ಹತ್ತರಲ್ಲೊಂದು. ಲೆಕ್ಕ ಕೂಡಿಬಂದಾಗ ಪೆನ್ಸಿಲ್ ಎಸೆದು ಒಬ್ಬಳೇ ಕುಣಿದಳು.

ಭಾನುವಾರ ಬೆಳಿಗ್ಗೆ ತಪ್ಪು ಹುಡುಕಲೆಂದೇ ಮಾವ ಕರಿಕುದುರೆ ಏರಿದರು. ಎಲೆಕ್ಟ್ರಿಷಿಯನ್ ಮೈದುನ ಸ್ವಿಚ್ ಒತ್ತಿದ.

ಹನ್ನೆರಡು ಕುದುರೆಗಳೂ ಹೊರಟವು, ಬಾಲ ಮುಂದಾಗಿ!

ಅವಳು ಹಣೆ ಚಚ್ಚಿಕೊಂಡಳು. ಬೆವೆಲ್ ಚಕ್ರವನ್ನು ಆಚೆ ಮಗ್ಗುಲಿಗೆ ಕೂರಿಸಿಬಿಟ್ಟಿದ್ದಳು. “ನಿಲ್ಸೋ! ಎಲ್ಲಾ ಬಿಚ್ಚಬೇಕು!”

“ಬಿಚ್ಚೋದ್ಯಾಕೆ ಅತ್ತಿಗೆ? ಮೋಟಾರಿನ ಎರಡು ವೈರ್ ಅದಲುಬದಲು ಮಾಡಿದ್ರೆ ಮುಂದಕ್ಕೆ ಓಡತ್ತೆ.” ಅವನು ಸ್ವಿಚ್ ಆರಿಸಿದ. ಕುದುರೆಗಳು ನಯವಾಗಿ ಜಾರುತ್ತ ಜಾರುತ್ತ ನಿಂತವು. ಯಾರ ಮೂಗೂ ಬಡಿಯಲಿಲ್ಲ.

“ಯಾವನೋ ನಿಲ್ಸಿದ್ದು?” ಮಾವ ಕೂಗಿದರು. ಕನ್ನಡಕ ಹಣೆಗೇರಿತ್ತು, ಕೂದಲು ನೆಟ್ಟಗಾಗಿತ್ತು. “ಹಾಕೋ ಸ್ವಿಚ್ಚು! ಹಿಂದಕ್ಕೇ ಹೋಗ್ಲಿ!”

ಬೇಲಿಯಾಚೆ ನಿಂತವರೆಲ್ಲ ನುಗ್ಗಿ ಕುದುರೆ ಹತ್ತಿದರು. ಮೈದುನ ಮಧ್ಯಾಹ್ನದೊಳಗೆ ಎರಡೂ ದಿಕ್ಕಿಗೆ ಓಡಿಸುವ ಸ್ವಿಚ್ ಜೋಡಿಸಿಬಿಟ್ಟ. ಮುಂದಕ್ಕೆ ಮೂರು ಸುತ್ತು, ಹಿಂದಕ್ಕೆ ಮೂರು. ಅವಳೂ ಮಾವನ ಪಕ್ಕದ ಕುದುರೆ ಏರಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಿನ್ನ ಬೆವೆಲ್ಲು ಪರವಾಗಿಲ್ಲ ಕಣೆ!” ಎಂದರು ಮಾವ.

“ಕೇಳಿಸ್ಲಿಲ್ಲ ಮಾವ, ಇನ್ನೊಂದ್ಸಲ ಹೇಳಿ!”

ಅವರು ಇಡೀ ಪಾರ್ಕಿಗೆ ಕೇಳುವಂತೆ ಹೇಳಿದರು.