ಯಾರಿಗೆ ಅಂತ ಹೇಳಬೇಕು

“ಐ ಟೋಲ್ಡ್ ದಟ್ ದಿ ಟ್ಯಾಪ್ ಈಸ್ ಲೀಕಿಂಗ್.”

“ಯಾರಿಗೆ?” ಎಂದಳು ಟೀಚರ್.

“ಯಾರಿಗೆ ಅಂದ್ರೆ? ನಲ್ಲಿ ಸೋರ್ತಿದೆ ಅಂತ ಹೇಳಿದೆ. ಅಷ್ಟೇ.”

“ಇಂಗ್ಲಿಷಲ್ಲಿ ಅಷ್ಟೇ ಅಂದ್ರೆ ನಡೆಯಲ್ಲ ಅಕ್ಕ. ಟೆಲ್ ಬಂತು ಅಂದ್ರೆ ಪಕ್ಕದಲ್ಲೇ ಒಬ್ಬ ಮನುಷ್ಯ ಬೇಕು. ಟೋಲ್ಡ್ ಹಿಮ್, ಟೋಲ್ಡ್ ಹರ್, ಯಾರಾದ್ರೂ ಸರಿ. ಆಮೇಲೆ ದಟ್. ಎಷ್ಟು ಸಲ ಬಡ್ಕೊಳ್ಲಿ?”

ಅತ್ತಿಗೆ ತೊಳೆಯುತ್ತಿದ್ದ ತಟ್ಟೆಯನ್ನು ಕುಕ್ಕಿದಳು. ನಲ್ಲಿಯ ಕೆಳಗಿಟ್ಟ ಪಾತ್ರೆಗೆ ಟಪ್ ಟಪ್ ಎಂದು ನೀರು ಬೀಳುತ್ತಲೇ ಇತ್ತು. ಮನೆಯಲ್ಲೇ ಒಬ್ಬ ಪ್ಲಂಬರ್ ಇದ್ದೂ ಈ ನಲ್ಲಿಗೆ ಗತಿ ಇರಲಿಲ್ಲ. ಆ ಪ್ಲಂಬರ್ ಅವಳ ಮೈದುನ. ಪಾಠ ಹೇಳುತ್ತಿದ್ದ ವಾರಗಿತ್ತಿ ಅವನ ಹೆಂಡತಿ, ಚಿಕ್ಕ ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಮನೆಯಲ್ಲೂ ಅವಳು ಟೀಚರೇ. ಹಾಗೆಯೇ ಅತ್ತಿಗೆ ಹೋಟೆಲಿನಲ್ಲೂ ಅತ್ತಿಗೆಯೇ. ಅತ್ತಿಗೆ ಕೋಣೆ ಶುಚಿ ಮಾಡುವ ಹೋಟೆಲಿನಲ್ಲೇ ಮೈದುನನೂ ಕೆಲಸಕ್ಕಿದ್ದ. ಅವನು ಕರೆಯುವುದನ್ನು ಕೇಳಿ ಕೇಳಿ ಎಲ್ಲರೂ ಹಾಗೇ ಕರೆಯತೊಡಗಿದ್ದರು.

ಹೋಟೆಲಿನ ಮಹಡಿ ಸೂಪರ್‌ವೈಸರ್ ಕೆಲಸ ಬಿಡುವವಳಿದ್ದಳು. ಮ್ಯಾನೇಜರಮ್ಮನಿಗೆ ಇಂಗ್ಲಿಷ್ ಬಿಟ್ಟರೆ ಬೇರೇನೂ ಬಾರದು. ಯಾವ ಕೋಣೆಯಲ್ಲಿ ಏನಾಯಿತು ಎಂಬುದನ್ನು ಇಂಗ್ಲಿಷಿನಲ್ಲಿ ನೆಟ್ಟಗೆ ಹೇಳುವಂತಾದರೆ ಆ ಜಾಗ ನಿನಗೇ ಎಂದು ಅತ್ತಿಗೆಗೆ ಆಸೆ ಹುಟ್ಟಿಸಿದ್ದಳು. ಸೂಪರ್‌ವೈಸರ್ ಆದರೆ ಸ್ನಾನದ ತೊಟ್ಟಿಯ ಮುಂದೆ ಮಂಡಿಯೂರಿ ಉಜ್ಜಬೇಕಾಗಿಲ್ಲ. ಅತ್ತಿಗೆಯ ಮಂಡಿಗಳು ಈಗಾಗಲೇ ಕೈಕೊಟ್ಟಿದ್ದವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಇದೊಂದು ಸಿಕ್ಕರೆ ಸಾಕು ಎಂದು ಹಲ್ಲು ಕಚ್ಚಿಕೊಂಡು ಪಾಠಕ್ಕೆ ಕೂತಿದ್ದಳು.

ಆದರೆ ಆ ದಟ್ ಎನ್ನುವುದು ಅವಳ ಜೀವ ಹಿಂಡಿತ್ತು. ಕನ್ನಡದಲ್ಲಿ ಒಂದು ‘ಅಂತ’ ಇದ್ದರೆ ಸಂಸಾರವೇ ನಡೆದುಹೋಗುತ್ತದೆ. ಬರ್ತಾನೆ ಅಂತ ಹೇಳಿದೆ, ಬರ್ತಾನೆ ಅಂತ ಅಂದುಕೊಂಡೆ, ಬರಲಿ ಅಂತ ಆಸೆಪಟ್ಟೆ, ಯಾಕೆ ಬಂದೆ ಅಂತ ಬೈದೆ. ಯಾವುದರ ಜೊತೆ ಕೂರಿಸಿದರೂ ತಕರಾರಿಲ್ಲ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಒಂದೊಂದು ಕೊಂಕು. ಸೇ ಯಾರ ಹಂಗೂ ಇಲ್ಲದೆ ದಟ್ ಜೊತೆ ಹೊರಡುತ್ತದೆ. ಟೆಲ್‌ಗೆ ನಡುವೆ ಒಬ್ಬ ಮನುಷ್ಯ ಬೇಕು. ಎಕ್ಸ್‌ಪ್ಲೇನ್‌ಗೆ ಆ ಮನುಷ್ಯನ ಮುಂದೆ ಒಂದು ಟು ಬೇಕು. ವಾಂಟ್ ಅಂತೂ ದಟ್ ಅನ್ನು ಹೊಸ್ತಿಲು ದಾಟಲೇ ಬಿಡುವುದಿಲ್ಲ.

“ಇವೇನು ಕ್ರಿಯಾಪದಗಳೋ, ಬೀಗರೋ?” ಎಂದಳು ಅತ್ತಿಗೆ. “ಯಾರ ಪಕ್ಕ ಯಾರನ್ನ ಕೂರಿಸಿದ್ರೂ ಮುನಿಸು.”

ಟೀಚರ್ ನಕ್ಕಳೇ ಹೊರತು ಬಿಡಲಿಲ್ಲ. “ಮತ್ತೆ ಹೇಳಿ. ಐ ಟೋಲ್ಡ್... ಯಾರಿಗೆ?”

ಆ ವಾರವೇ ಹೋಟೆಲಿನಲ್ಲಿ ಒಂದು ಕೋಣೆಯ ಪೈಪು ಒಡೆಯಿತು. ಕೆಳಗಿನ ಕೋಣೆಯ ಚಾವಣಿ ನೆನೆದು, ಗಾರೆ ಹಾಸಿಗೆಯ ಮೇಲೆ ಉದುರಿತು. ಅತಿಥಿ ತಿಂಡಿಗೆ ಹೋಗಿದ್ದರಿಂದ ಬಚಾವಾದ. ಆ ಪೈಪಿನ ಬುಡ ಒದ್ದೆಯಾಗಿದ್ದುದನ್ನು ಅತ್ತಿಗೆ ಮೊದಲೇ ನೋಡಿದ್ದಳು. ಅಂದೇ ಹೋಟೆಲಿನ ಕಾರಿಡಾರಿನಲ್ಲಿ ಮೈದುನನನ್ನು ನಿಲ್ಲಿಸಿ ಹೇಳಿದ್ದಳು. “ನೋಡ್ತೀನಿ ಬಿಡಿ ಅತ್ತಿಗೆ” ಎಂದು ಅವನು ಫೋನು ನೋಡುತ್ತ ಹೋಗಿದ್ದ. ಹೋದವನು ಹೋದ.

ನಾಳೆ ಎಲ್ಲರೂ ಬಂದು ಉತ್ತರ ಕೊಡಬೇಕೆಂದು ಮ್ಯಾನೇಜರಮ್ಮನ ಅಪ್ಪಣೆಯಾಯಿತು. ಮೈದುನನಿಗೆ ಹಿಂದೆಯೇ ಎಚ್ಚರಿಕೆ ಸಿಕ್ಕಿತ್ತು. ಇನ್ನೊಂದು ತಪ್ಪಾದರೆ ಮನೆಗೆ ನಡಿ ಎಂದಿದ್ದರು.

ಸಂಜೆ ಟೀಚರ್ ಪುಸ್ತಕವಿಲ್ಲದೆ ಅಡುಗೆಮನೆಗೆ ಬಂದಳು. ನಲ್ಲಿಯ ಕೆಳಗಿನ ಪಾತ್ರೆಯನ್ನೇ ನೋಡುತ್ತ ಹೇಳಿದಳು: “ಅಕ್ಕ, ನಾಳೆ ಟೋಲ್ಡ್ ಬೇಡ. ಸೆಡ್ ಅನ್ನಿ. ಐ ಸೆಡ್ ದಟ್ ದಿ ಪೈಪ್ ವಾಸ್ ಲೀಕಿಂಗ್. ಅದೂ ಸರೀನೇ. ಯಾರಿಗೆ ಅಂತ ಹೇಳ್ಬೇಕಾಗಿಲ್ಲ.”

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. “ಇಷ್ಟು ದಿನ ಯಾರಿಗೆ, ಯಾರಿಗೆ ಅಂತ ಪ್ರಾಣ ತಿಂದೆ. ಈಗ ಯಾರಿಗೂ ಬೇಡ್ವಾ?”

“ಅವರ ಕೆಲಸ ಹೋಗುತ್ತೆ ಅಕ್ಕ.”

“ನನ್ನ ಮಂಡಿ?”

 ಆಚೆ ಕೋಣೆಯಲ್ಲಿ ಮೈದುನ ಟಿವಿಯ ಸದ್ದನ್ನು ಇನ್ನಷ್ಟು ಜೋರು ಮಾಡಿದ.

ಮರುದಿನ ಅತ್ತಿಗೆ ಮ್ಯಾನೇಜರಮ್ಮನ ಮೇಜಿನ ಮುಂದೆ ನಿಂತಳು. ಮೈದುನ ಗೋಡೆಗೆ ಒರಗಿ, ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

“ಐ ಸೆಡ್ ದಟ್ ದಿ ಪೈಪ್ ವಾಸ್ ಲೀಕಿಂಗ್” ಎಂದಳು, ಒಂದಕ್ಷರಕ್ಕೂ ತಡವರಿಸದೆ.

ಮ್ಯಾನೇಜರಮ್ಮನ ಮುಖ ಅರಳಿತು. ಮರುಗಳಿಗೆಯೇ ಕೇಳಿದಳು: “ಟು ಹೂಮ್?”

ಯಾರಿಗೆ! ಹಾಳಾದ ಭಾಷೆ, ಮುಂಬಾಗಿಲು ಹಾಕಿದರೆ ಹಿಂಬಾಗಿಲಿಂದ ಬಂದು ಕೂರುತ್ತದೆ. ಅತ್ತಿಗೆ ಮೈದುನನ ಕಡೆ ತಿರುಗಿದಳು. ಅವನು ‘ಮೀ’ ಅಂದರೆ ಸಾಕಿತ್ತು. ಅಷ್ಟು ಇಂಗ್ಲಿಷ್ ಅವನಿಗೂ ಬರುತ್ತಿತ್ತು. ಅವಳು ಕಾದಳು. ಅವನು ತಲೆ ಎತ್ತಲಿಲ್ಲ.

“ಐ ಥಿಂಕ್,” ಎಂದಳು ಅತ್ತಿಗೆ, “ದಟ್ ಐ ಫರ್ಗಾಟ್.”

ಎಷ್ಟು ಚೆನ್ನಾಗಿ ಮಾತಾಡಲು ಕಲಿತಿದ್ದೀಯ ಎಂದು ಮ್ಯಾನೇಜರಮ್ಮ ಮೆಚ್ಚಿದಳು. ಆದರೆ ಇಂಥದ್ದನ್ನು ಹೇಳಲು ಮರೆಯುವವಳ ಕೈಗೆ ಒಂದು ಮಹಡಿಯನ್ನು ಹೇಗೆ ಕೊಡಲಿ ಎಂದಳು. ಅದಷ್ಟೂ ಅತ್ತಿಗೆಗೆ ಅರ್ಥವಾಯಿತು. ಅರ್ಥವಾಗದೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ಮಂಡಿಯೂರಿ ತೊಟ್ಟಿಗಳನ್ನು ಉಜ್ಜಿದಳು.

ಮನೆಗೆ ಬಂದಾಗ ಟೀಚರ್ ಬಾಗಿಲಲ್ಲೇ ನಿಂತಿದ್ದಳು. “ಏನಾಯ್ತು ಅಕ್ಕ? ಸರಿಯಾಗಿ ಹೇಳಿದ್ರಾ?”

“ಹ್ಞೂಂ. ವ್ಯಾಕರಣದಲ್ಲಿ ಒಂದು ತಪ್ಪೂ ಇರ್ಲಿಲ್ಲ” ಎಂದು ಅತ್ತಿಗೆ ಒಳಗೆ ಹೋದಳು.

ಹಿಂದೆಯೇ ಬಂದ ಮೈದುನ ಅಡುಗೆಮನೆಯ ಹೊಸ್ತಿಲಲ್ಲಿ ತಲೆ ಕೆರೆದುಕೊಂಡ. “ಅತ್ತಿಗೆ, ಅವತ್ತು ನೀವು ಹೇಳಿದ್ದು... ಏನೋ ಗಡಿಬಿಡೀಲಿ...”

“ನಿನಗೆ” ಎಂದಳು ಅತ್ತಿಗೆ.

“ಹಾಂ?”

“ನಿನಗೆ ಹೇಳಿದ್ದೆ. ಪೈಪ್ ಸೋರ್ತಿದೆ ಅಂತ ನಿನಗೆ ಹೇಳಿದ್ದೆ. ಈ ನಲ್ಲಿ ಸೋರ್ತಿದೆ ಅಂತಾನೂ ನಿನಗೇ ಹೇಳಿದ್ದೆ. ಗೋಡೆಗಲ್ಲ, ಗಾಳಿಗಲ್ಲ. ನಿನಗೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ನೆಲಕ್ಕೆ ಕೂತಳು.

ಮೈದುನ ಚೀಲದಿಂದ ಸ್ಪ್ಯಾನರ್ ತೆಗೆದು, ನೀರು ಬಂದ್ ಮಾಡಿ, ನಲ್ಲಿಯನ್ನು ಬಿಚ್ಚಿದ. ಒಳಗಿನ ಸವೆದ ರಬ್ಬರ್ ಬಿಲ್ಲೆಯನ್ನು ಕಿತ್ತು ಹೊಸದು ಕೂರಿಸಿದ. ಐದು ನಿಮಿಷದ ಕೆಲಸ. ಮತ್ತೆ ನೀರು ಬಿಟ್ಟು, ತಿರುಗಿಸಿ, ನಿಲ್ಲಿಸಿ ನೋಡಿದ. ಒಂದು ಹನಿಯೂ ಬೀಳಲಿಲ್ಲ.

ಟೀಚರ್ ಕೆಳಗಿನ ಪಾತ್ರೆಯನ್ನು ಎತ್ತಿ, ಅದರಲ್ಲಿದ್ದ ನೀರನ್ನು ಚೆಲ್ಲಿದಳು. ಒಂದು ಗಳಿಗೆ ಅದನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಎಲ್ಲಿಡುವುದೆಂದು ತೋಚದೆ ಅದೇ ಜಾಗದಲ್ಲಿ ಇಟ್ಟಳು.