ಲಕ್ಕಪ್ಪನ ಹೆಸರಿನ ಗೆರೆ

ನಾನು ಎದೆಬಡಿತ ಬರೆಯುವ ಯಂತ್ರ. ಇಸಿಜಿ ಅನ್ನುತ್ತಾರೆ. ಹುಟ್ಟಿದ್ದು ಕಾರ್ಖಾನೆಯೊಂದರ ಉದ್ದ ಮೇಜಿನ ಮೇಲೆ. ನನಗೆ ಬೆಸುಗೆ ಹಾಕಿದ ಹುಡುಗಿಯೇ ತನ್ನ ಕೈಕಾಲಿಗೆ ನನ್ನ ಕ್ಲಿಪ್ಪು ಕಚ್ಚಿಸಿಕೊಂಡು ಪರೀಕ್ಷಿಸಿದಳು. ಮೊದಲು ಬರೆದದ್ದು ಅವಳ ಎದೆಯನ್ನು. ನನಗೆ ಬಾಯಿಲ್ಲ. ಗುಲಾಬಿ ಚೌಕಳಿ ಕಾಗದ, ಅದರ ಮೇಲೊಂದು ಕಪ್ಪು ಗೆರೆ. ಇಷ್ಟೇ ನನ್ನ ಮಾತು.

ಹತ್ತು ವರ್ಷ ಪೇಟೆಯ ವೈದ್ಯರೊಬ್ಬರ ಬಳಿ ದುಡಿದೆ. ಅವರಿಗೆ ಹೊಸದು ಬಂದಾಗ ಬಸ್ ಡಿಪೋದ ದವಾಖಾನೆಗೆ ಬಂದೆ. ಅಲ್ಲಿ ವರ್ಷಕ್ಕೊಮ್ಮೆ ಚಾಲಕರ ತಪಾಸಣೆ. ಗೆರೆ ಕೆಟ್ಟರೆ ಸ್ಟೇರಿಂಗ್ ಬಿಡಿಸಿ ಗೇಟು ಕಾಯಲು ಕೂರಿಸುತ್ತಿದ್ದರು. ಅದಕ್ಕೆ ಚಾಲಕರೊಂದು ದಾರಿ ಕಂಡುಕೊಂಡಿದ್ದರು. ತನ್ನ ಎದೆಯ ಮೇಲೆ ನಂಬಿಕೆಯಿಲ್ಲದವನು ತನ್ನ ಕಾರ್ಡು ಕೊಟ್ಟು ಟೈರ್ ವಿಭಾಗದ ದುಂಡಪ್ಪನನ್ನು ಮಲಗಿಸುತ್ತಿದ್ದ. ದುಂಡಪ್ಪನದು ಕುಸ್ತಿಯಾಡಿದ ಮೈ. ಕಾಂಪೌಂಡರ್ ಗುರುನಾಥ ಕಾರ್ಡು ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಒಳಕೋಣೆಯಲ್ಲಿ ಕೂರುವ ವೈದ್ಯೆಯ ಮೇಜಿಗೆ ಹೋಗುತ್ತಿದ್ದುದು ನನ್ನ ಕಾಗದ ಮಾತ್ರ.

ಆ ವರ್ಷ ಚಾಲಕ ಲಕ್ಕಪ್ಪನ ಸರದಿ.

“ನಿನ್ನ ಗುಂಡಿಗಿ ಮನ್ಯಾಗ ಮರತ ಬಂದೀಯೇನಲೇ ಲಕ್ಕ್ಯಾ?” ದುಂಡಪ್ಪ ನಗುತ್ತ ಅಂಗಿ ಬಿಚ್ಚಿದ.

“ಸುಮ್ನ ಮಕ್ಕೊಳೋ ಮಾರಾಯಾ. ಸಂಜಿಗೆ ಮಿರ್ಚಿ ತಿನಸ್ತೀನಿ.”

ಮೊದಲ ಬಡಿತಕ್ಕೇ ನನಗೆ ತಿಳಿಯಿತು. ಏಳುವ ಮುನ್ನ ಗೆರೆ ಆಳಕ್ಕೆ ಕುಸಿಯುತ್ತಿತ್ತು. ಕೊನೆಯ ದಿಬ್ಬ ತಲೆಕೆಳಗಾಗಿತ್ತು. ಹೃದಯದ ಸ್ನಾಯುವಿನ ಒಂದು ತುಂಡು ನೋವೂ ಕೊಡದೆ ಎಂದೋ ಸತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅದರ ಮೇಲೆ ಗುರುನಾಥ ಲಕ್ಕಪ್ಪನ ಹೆಸರು ಬರೆದ.

ವೈದ್ಯೆ ಲಕ್ಕಪ್ಪನನ್ನು ಕರೆಸಿ, ಗೊತ್ತಾಗದ ಹಾಗೆ ಹೃದಯಾಘಾತ ಆಗಿಹೋಗಿದೆ ಎಂದು ಗೆರೆ ತೋರಿಸಿದರು. ಸ್ನಾಯು ಸಾಯುವಾಗ ರಕ್ತಕ್ಕೆ ಸೋರುವ ಟ್ರೊಪೋನಿನ್ ಅಳೆಯಲು ಅವನ ರಕ್ತ ಕಳಿಸಿದರು. ಪೇಟೆಯಲ್ಲಿ ಇನ್ನೊಂದು ಇಸಿಜಿ ಮಾಡಿಸಿದರು. ಎರಡೂ ಚೊಕ್ಕ. ನನಗೆ ಅವನು ಹೆದರಬೇಕಾಗಿಯೇ ಇರಲಿಲ್ಲ.

“ಯಂತ್ರವೇ ಕೆಟ್ಟಿರಬೇಕು” ಅಂದರು ವೈದ್ಯೆ.

ಲಕ್ಕಪ್ಪನ ತುಟಿ ಅಲುಗಿತು. ನಾನು ಕಾದೆ. ನಿಜ ಹೇಳಿದರೆ ನೌಕರಿ ಹೋಗುತ್ತಿತ್ತು.

“ಹೌದ್ರಿ ಮೇಡಂ, ಕೆಟ್ಟೇತಿ.”

ಬಾಗಿಲಾಚೆ ದುಂಡಪ್ಪ ನಿಂತಿದ್ದ. “ಏನಂತಲೇ ನನ್ನ ಗುಂಡಿಗಿ?”

“ಕುದುರಿ ಹಂಗ ಐತಂತ” ಅಂದ ಲಕ್ಕಪ್ಪ.

ಹನ್ನೊಂದನೆಯ ದಿನ ಚಕ್ರದ ನಟ್ಟು ಬಿಗಿಯುತ್ತಿದ್ದ ದುಂಡಪ್ಪ ಪಾನಾ ಹಿಡಿದೇ ಕುಸಿದ. ನಾಲ್ವರು ಹೊತ್ತು ತಂದರು. ಲಕ್ಕಪ್ಪ ಕಾಲು ಹಿಡಿದಿದ್ದ. ಉಸಿರಿರುವಾಗಲೇ ವೈದ್ಯೆ ರಕ್ತ ತೆಗೆದರು. ಆಮೇಲೆ ಉಸಿರು ನಿಂತಿತು. ಎದೆ ಒತ್ತಿದರು, ಒತ್ತಿದರು. ಕೊನೆಗೆ, ಬೇರೆ ಯಂತ್ರವಿಲ್ಲದೆ, ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿ ಬೀರುವಿನ ಮೇಲಿಟ್ಟಿದ್ದ ನನ್ನನ್ನೇ ಇಳಿಸಿದರು. ಅದೇ ದಪ್ಪ ಮಣಿಕಟ್ಟು. ನೇರ ಗೆರೆ ಬರೆದೆ.

ಗುರುನಾಥ ನನ್ನ ನೆತ್ತಿಗೆ ಬಡಿದ. “ನೋಡ್ರಿ ಮೇಡಂ, ಅವತ್ತ ಸುಳ್ಳ ಬರೀತು, ಇವತ್ತ ಏನೂ ಬರೀವಲ್ದು.”

“ಇಲ್ಲ ಗುರುನಾಥ. ಇವತ್ತು ಸರಿಯಾಗೇ ಬರೆದಿದೆ.”

ಹೇಳಿದವರೇ ತಟ್ಟನೆ ನನ್ನ ಕಡೆ ನೋಡಿದರು.

ಮರುದಿನ ದುಂಡಪ್ಪನ ರಕ್ತದ ವರದಿ ಬಂತು. ಟ್ರೊಪೋನಿನ್ ಮಿತಿಯ ನೂರು ಪಟ್ಟು. ಅಷ್ಟರಲ್ಲಿ ಅವನು ಮಣ್ಣಿನಲ್ಲಿದ್ದ. ವೈದ್ಯೆ ಹಳೆಯ ಗುಲಾಬಿ ಕಾಗದ ಹುಡುಕಿ ಲಕ್ಕಪ್ಪನ ಮುಂದಿಟ್ಟರು.

“ಈ ಗೆರೆ ಯಾರದು?”

ಫ್ಯಾನಿನ ಗಾಳಿಗೆ ಕಾಗದದ ತುದಿ ಏಳುತ್ತಿತ್ತು, ಬೀಳುತ್ತಿತ್ತು.

“ನಂದ ರೀ.”

“ಸರಿಯಾಗಿ ನೋಡಿ ಹೇಳಿ.”

“ನಂದ ರೀ ಮೇಡಂ. ಹೆಸರ ಐತಲ್ರಿ.”

ಈಗ ನಾನು ಡಿಪೋದ ಹಿಂದೆ, ಸವೆದ ಟೈರುಗಳ ನಡುವೆ ಬಿದ್ದಿದ್ದೇನೆ. ‘ಕೆಟ್ಟಿದೆ’ ಎಂಬ ಆ ಚೀಟಿಯನ್ನು ಯಾರೂ ಕಿತ್ತಿಲ್ಲ. ಲಕ್ಕಪ್ಪನ ಬಸ್ಸು ದಿನಾ ಆರೂವರೆಗೆ ಹೊರಡುತ್ತದೆ. ಈ ಸಲ ಹೊಸ ಯಂತ್ರದ ಮುಂದೆ ಅವನು ತಾನೇ ಮಲಗಿದನಂತೆ, ಗೆರೆ ಚೊಕ್ಕವಾಗಿ ಬಂತಂತೆ. ಬಂದೇ ಬರುತ್ತದೆ. ನಮ್ಮ ಜಾತಿಯ ಯಂತ್ರಗಳಿಗೆ ಕಾಣುವುದು ಸತ್ತ ಸ್ನಾಯು ಮಾತ್ರ.