ಸಿಡಿಯದ ಕೋವಿಯ ಮೇಷ್ಟರು

ಕೋವಿ ಸಿಡಿದರೆ ರಾಮಸ್ವಾಮಿ ಮೇಷ್ಟರ ಮುಖ ಬಾಡುತ್ತದೆ. ಸಿಡಿಯದೆ ಹೋದರೆ ಅರಳುತ್ತದೆ. ಕುದುರೆಯೆಂಬ ಪುಟ್ಟ ಸುತ್ತಿಗೆ ಬಿದ್ದು, ಕೇಪು ಚಟ್ಟೆಂದು, ಆಮೇಲೆ ಏನೂ ಆಗದೆ, ಹಿಡಿದವನು ಪೆಚ್ಚುಮೋರೆ ಹಾಕಿಕೊಂಡು ನಿಂತಿರುವ ಆ ಗಳಿಗೆಯಲ್ಲಿ ಈ ಮಹಾಶಯರು ಎರಡೂ ಅಂಗೈ ಉಜ್ಜಿಕೊಂಡು, ಊಟದೆಲೆಯ ಮುಂದೆ ಕೂತವರಂತೆ ಉಲ್ಲಸಿತರಾಗುತ್ತಾರೆ. ಜನ್ಮದಲ್ಲಿ ಒಂದು ಮೊಲವನ್ನೂ ಹೊಡೆದವರಲ್ಲ. ಬಚ್ಚಲಿನ ಜಿರಳೆಯನ್ನು ಕೊಲ್ಲಬೇಕಾದರೂ ಹೆಂಡತಿ ಕೋಕಿಲಮ್ಮನವರನ್ನು ಕೂಗುವ ಬಸವನಗುಡಿಯ ಈ ನಿವೃತ್ತ ಭೌತಶಾಸ್ತ್ರದ ಅಧ್ಯಾಪಕರಿಗೆ ಬೇಟೆಯ ಕೋವಿಯ ಹುಚ್ಚು ಹೇಗೆ ಹತ್ತಿತೋ, ಪಕ್ಕದ ಮನೆಯವನಾದ ನನಗೂ ಇನ್ನೂ ಬಗೆಹರಿದಿಲ್ಲ.

ಅವರ ಆಸಕ್ತಿ ತೋಟಾ ಹಾಕುವ ಕೋವಿಗಳಲ್ಲಲ್ಲ. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಇಳಿಸಿ, ಗಜವೆಂಬ ಉದ್ದ ಸಲಾಕೆಯಿಂದ ಜಡಿದು ಈಡು ತುಂಬುವ ಹಳೆಯ ಕೇಪಿನ ಕೋವಿಗಳಲ್ಲಿ. ಹಿಂಬದಿಯಲ್ಲಿ ಒಂದು ಪುಟ್ಟ ಕೊಳವೆ, ಅದರ ತಲೆಯ ಮೇಲೆ ತಾಮ್ರದ ಕೇಪು. ಕುದುರೆ ಬಡಿದಾಗ ಹುಟ್ಟುವ ಕಿಡಿ ಆ ಸೂಜಿಗಣ್ಣಿನಂಥ ರಂಧ್ರದಲ್ಲಿ ಇಳಿದು ಒಳಗಿನ ಮದ್ದನ್ನು ಮುಟ್ಟಬೇಕು. ಅಲ್ಲಿಂದಿಲ್ಲಿಗೆ ಬೆರಳಗಲದ ದಾರಿ. ಆ ದಾರಿಯಲ್ಲಿ ಕಿಡಿ ಎಲ್ಲಿ, ಯಾತಕ್ಕೆ ಸತ್ತಿತು ಎಂಬ ಏಕಮಾತ್ರ ಪ್ರಶ್ನೆಗೆ ಅವರು ತಮ್ಮ ನಿವೃತ್ತಿಯ ವರ್ಷಗಳನ್ನು ಧಾರೆಯೆರೆದಿದ್ದಾರೆ.

ಮೈಮೇಲೆ ಸದಾ ಒಂದು ಬೂದುಬಣ್ಣದ ಲ್ಯಾಬ್ ಕೋಟು. ಕಾಲೇಜಿನಲ್ಲಿ ಆಸಿಡ್ ಬಿದ್ದು ಸುಟ್ಟ ತೂತುಗಳು ಅದರಲ್ಲಿ ಹಾಗೇ ಇವೆ. ಜೇಬಿನಲ್ಲಿ ಭೂತಗನ್ನಡಿ, ಗುಂಡುಪಿನ್ನುಗಳು, ಕೊಳವೆ ಶುಚಿ ಮಾಡಲು ಒಂದು ಕೋಳಿಪುಕ್ಕ. ಈ ಪುಕ್ಕದ ದೆಸೆಯಿಂದಾಗಿ ಕೋಕಿಲಮ್ಮ ಆ ಕೋಟನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಅದು ಜಗಲಿಯ ಮೊಳೆಯಲ್ಲೇ ತೂಗಾಡುತ್ತಿರುತ್ತದೆ.

ಅವರ ಜೊತೆ ಗಾಂಧಿ ಬಜಾರಿನಲ್ಲಿ ನಡೆಯುವುದೊಂದು ಶಿಕ್ಷೆ. ತಲೆಯನ್ನು ಎಡಕ್ಕೆ ವಾಲಿಸಿ, ಏನನ್ನೋ ಆಲಿಸುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವ ನಡಿಗೆ ಅದು. ಒಮ್ಮೆ ಸ್ಟಾರ್ಟ್ ಆಗದ ಆಟೋ ಒಂದರ ಮುಂದೆ ನಿಂತೇಬಿಟ್ಟರು.

"ಏನೂ ಮಾಡಿಲ್ಲ ಸಾರ್, ಸುಮ್ನೆ ನಿಂತೋಯ್ತು," ಎಂದ ಆಟೋದವನು.

"ಸುಮ್ನೆ ಯಾವ್ದೂ ನಿಲ್ಲಲ್ಲ ಕಣಪ್ಪಾ. ಅದಿರ್ಲಿ, ಅದಕ್ಕೆ ಮುಂಚೆ ಏನ್ಮಾಡಿದೆ?"

ಈ "ಅದಕ್ಕೆ ಮುಂಚೆ" ಅವರ ಬಾಯಿಗೆ ಅಂಟಿದ ಮಾತು. ಜ್ವರ ನೋಡಲು ಬಂದ ವೈದ್ಯರನ್ನೂ ಅವರು ಇದರಿಂದ ಗೋಳು ಹುಯ್ದುಕೊಂಡಿದ್ದಾರೆ. ಗ್ಯಾಸ್ ಲೈಟರ್ ಹೊತ್ತಿಕೊಳ್ಳಲಿಲ್ಲವೆಂದು ಅದನ್ನು ಬಿಚ್ಚಿ ಹರಡಿಕೊಂಡು ಕೂತಾಗ, ಕಾಫಿಗೆಂದು ಬಂದಿದ್ದ ನಾನು ಕಾದು ಕಾದು ನಮ್ಮ ಮನೆಗೆ ಹೋಗಿ ಕುಡಿದು ವಾಪಸ್ಸು ಬಂದೆ. ನಾನು ಎದ್ದುಹೋದದ್ದು ಅವರ ಗಮನಕ್ಕೇ ಬಂದಿರಲಿಲ್ಲ.

ಮಲ್ಲೇಶ್ವರದ ಹಲ್ಲಿನ ಡಾಕ್ಟರು ಅಭಿರಾಮರದೊಂದು ಪ್ರಸಂಗ. ಊರಾಚೆಯ ರೈಫಲ್ ಕ್ಲಬ್ಬಿನಲ್ಲಿ ಅವರ ಹೊಚ್ಚಹೊಸ ಕೇಪಿನ ರೈಫಲ್ ಪ್ರತಿ ಭಾನುವಾರ ಮೊದಲ ಈಡಿಗೆ ಕೈಕೊಡುತ್ತಿತ್ತು. ಅವರು ಮದ್ದನ್ನು ಬೈದರು, ಕೇಪು ಮಾರಿದವನನ್ನು ಬೈದರು. ಮೇಷ್ಟರು ಕೋವಿಯನ್ನು ಮುಟ್ಟಲೂ ಇಲ್ಲ; ತೊಳೆದ ಮೇಲೆ ಏನು ಮಾಡುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಎಂದಷ್ಟೇ ಕೇಳಿದರು. ಧಾರಾಳವಾಗಿ ಎಣ್ಣೆ ಬಿಟ್ಟು, ಬಾಯಿ ಮೇಲೆ ಮಾಡಿ ಬೀರುವಿನಲ್ಲಿ ನಿಲ್ಲಿಸುತ್ತಿದ್ದರಂತೆ. ಎಣ್ಣೆಯೆಲ್ಲ ಇಳಿದಿಳಿದು ಕಿಡಿಯ ದಾರಿಯಲ್ಲೇ ಮಡುಗಟ್ಟುತ್ತಿತ್ತು. ಅಂದಿನಿಂದ ಡಾಕ್ಟರು ಈಡು ತುಂಬುವ ಮೊದಲು ಎಣ್ಣೆ ಒರೆಸಿ, ನಳಿಗೆಯ ಬಾಯಿಯನ್ನು ಹುಲ್ಲೆಸಳಿಗೆ ಹಿಡಿದು ಬರೀ ಒಂದು ಕೇಪನ್ನು ಹೊಡೆದು ನೋಡುತ್ತಾರೆ: ಎಸಳು ಅಲುಗಿದರೆ ದಾರಿ ತೆರೆದಿದೆ, ಅಲುಗದಿದ್ದರೆ ಕಟ್ಟಿದೆ.

ಇಂಥ ಮನುಷ್ಯರ ಕೈಗೆ ಹೋದ ಕಾರ್ತೀಕದಲ್ಲಿ ಗುರುಬಸಮ್ಮನವರ ಕೋವಿ ಬಂತು. ನಗರ್ತಪೇಟೆಯ ಒಳಗಲ್ಲಿಯಲ್ಲಿ ಕೋವಿ ರಿಪೇರಿಯ ಲೈಸೆನ್ಸ್ ಇರುವ ರಾಮಾಂಜಿನಪ್ಪನವರ ಅಂಗಡಿಯಿದೆ. ತಮಗೆ ಬಗೆಹರಿಯದ್ದು ಬಂದರೆ ಅವರು ಮೇಷ್ಟರಿಗೆ ಫೋನ್ ಮಾಡುತ್ತಾರೆ. ಕೆಲಸವಿಲ್ಲದ ನಾನೂ ಕುತೂಹಲಕ್ಕೆ ಹೊರಟೆ. ಚಾಮರಾಜಪೇಟೆಯ ಆ ವೃದ್ಧೆ ಹಣೆಯ ತುಂಬ ವಿಭೂತಿ ಧರಿಸಿ, ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಮುಂದೆ ಬೆಂಚಿನ ಮೇಲೆ ಅವರ ದಿವಂಗತ ಪತಿಯ ಒಂಟಿನಳಿಗೆ ಕೋವಿ. ಲೈಸೆನ್ಸ್‌ದಾರರೇ ಇಲ್ಲವಾದ್ದರಿಂದ ಅದನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು.

"ಒಪ್ಪಿಸ್ತೀನಿ ಮೇಷ್ಟ್ರೇ. ಅದಕ್ಕೂ ಮೊದ್ಲು ಇದರೊಳಗೆ ಮದ್ದು ಇದೆಯಾ ಇಲ್ವಾ, ಅದೊಂದು ನೋಡಿ ಹೇಳ್ಬಿಡಿ," ಎಂದರು.

ಮೇಷ್ಟರು ತಮ್ಮ ಎಂದಿನ ಪ್ರಶ್ನೆ ಕೇಳಿದರು. ಆಕೆ ಹೇಳಿದರು. ಮಾಗಡಿ ಕಡೆ ಅವರ ರಾಗಿ ಹೊಲ. ಬಹಳ ಹಿಂದೆ, ತೆನೆ ಬಲಿಯುವ ಕಾಲದಲ್ಲಿ, ಪತಿ ಮತ್ತು ಮೈದುನ ಏಕಾಂತಯ್ಯ ಹಂದಿ ಕಾಯಲು ಹೋದರು. ಹಂದಿ ನುಗ್ಗಿತು, ಪತಿ ಟ್ರಿಗರ್ ಎಳೆದರು, ಕೇಪು ಚಟ್ಟೆಂದಿತು, ಈಡು ಹಾರಲಿಲ್ಲ. ಹಂದಿ ಮೈದುನನ ತೊಡೆ ಸೀಳಿ ಹೋಯಿತು. ಮೈದುನ ಜೀವನಪರ್ಯಂತ ಕುಂಟರಾದರು. ಅಣ್ಣ ಮದ್ದು ಹಾಕುವುದನ್ನೇ ಮರೆತ, ಬರೀ ಗುಂಡು ಜಡಿದಿದ್ದ ಎಂದು ತಮ್ಮ ಹೇಳಿದ್ದೇ ಊರ ಮಾತಾಯಿತು. ಆ ಸಾತ್ವಿಕ ಮನುಷ್ಯನಿಗೆ 'ಖಾಲಿ ಕೋವಿ' ಎಂಬ ಅಡ್ಡಹೆಸರು ಅಂಟಿತು, ಅಣ್ಣ ತಮ್ಮಂದಿರ ಮಾತುಕತೆ ಅಂದಿಗೇ ನಿಂತಿತು. ಮತ್ತಿಕೆರೆಯಲ್ಲಿರುವ ಏಕಾಂತಯ್ಯ ಅಣ್ಣನ ಮಣ್ಣಿಗೂ ಬರಲಿಲ್ಲ.

"ಹಾಕಿದ್ದೆ ಅಂತ ದೇವರ ಮೇಲೆ ಆಣೆ ಮಾಡಿದ್ರು. ಯಾರೂ ನಂಬ್ಲಿಲ್ಲ. ಆಮೇಲಾಮೇಲೆ ಅವರಿಗೇ ಅನುಮಾನ ಬಂದ್ಬಿಡ್ತು. ಬಿಚ್ಚಿ ನೋಡೋಣ ಅಂದ್ರೆ, ನಿಜವಾಗ್ಲೂ ಇಲ್ದೇ ಹೋದ್ರೆ ಅನ್ನೋ ಭಯ. ಯಾರಿಗೂ ಬಿಚ್ಚೋಕೆ ಬಿಡ್ಲಿಲ್ಲ."

ಪ್ರತಿ ಚುನಾವಣೆಗೂ ಆ ಕೋವಿಯನ್ನು ಠಾಣೆಗೆ ಒಪ್ಪಿಸಿ ವಾಪಸ್ಸು ತರುತ್ತಿದ್ದರಂತೆ. ಒಬ್ಬರಾದರೂ ಒಳಗೆ ಇಣುಕಿದ್ದರೆ! ಮೇಷ್ಟರು ಗಜವನ್ನು ನಳಿಗೆಯೊಳಕ್ಕೆ ಇಳಿಸಿ, ಬಾಯಿಯ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕಿಟ್ಟು ಅಳೆದರು. ಗಜ ತಳ ಮುಟ್ಟಿರಲಿಲ್ಲ. ಒಳಗೆ ಏನೋ ಇತ್ತು; ಗುಂಡೊಂದೇ ಇಷ್ಟು ಜಾಗ ಹಿಡಿಯುವುದಿಲ್ಲ ಎಂದು ಗೊಣಗಿಕೊಂಡರೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಜಜ್ಜಿಹೋಗಿದ್ದ ಹಳೆಯ ಕೇಪನ್ನು ಪಿನ್ನಿನಿಂದ ಎಬ್ಬಿಸಿದರು, ರಾಮಾಂಜಿನಪ್ಪನವರಿಂದ ಕೊಳವೆಯನ್ನು ತಿರುಪಿಸಿ ತೆಗೆಸಿದರು, ಎಷ್ಟು ಹಳೆಯದಾದರೂ ಈಡು ಈಡೇ ಎಂದು ನಳಿಗೆಗೆ ನೀರು ತುಂಬಿಸಿ, ನಾಳೆ ಬನ್ನಿ ಅಮ್ಮಾ ಎಂದು ಆಕೆಯನ್ನು ಕಳಿಸಿಬಿಟ್ಟರು. ಕೊಳವೆಯನ್ನು ಮಾತ್ರ ಒಣಗಿದ್ದ ಹಾಗೇ ಕಾಗದದಲ್ಲಿ ಸುತ್ತಿಟ್ಟುಕೊಂಡರು. ಎಂಥ ಕಠಿಣ ಹೃದಯವಪ್ಪಾ ಎಂದು ನನಗೆ ಸಿಟ್ಟೇ ಬಂತು.

ಮರುದಿನ ಗಜದ ತುದಿಗೆ ತಿರುಪು ಸಿಕ್ಕಿಸಿ ರಾಮಾಂಜಿನಪ್ಪ ನಿಧಾನಕ್ಕೆ ಎಳೆದರು. ಮೊದಲು ಗುಂಡು ಬಂತು. ಅದರ ಹಿಂದೆ ತೆಂಗಿನ ನಾರು. ನಳಿಗೆಯನ್ನು ಬಗ್ಗಿಸಿ ಬಡಿದಾಗ ಬಿಳಿಯ ಪಿಂಗಾಣಿ ತಟ್ಟೆಗೆ ಕಪ್ಪನೆಯ ರಾಡಿ ಸುರಿಯಿತು, ಗಂಧಕದ ವಾಸನೆ ಅಂಗಡಿಯನ್ನೆಲ್ಲ ತುಂಬಿತು.

"ಮದ್ದು," ಎಂದರು ಮೇಷ್ಟರು. "ಭರ್ತಿ ಇದೆ. ನಿಮ್ಮ ಯಜಮಾನ್ರು ಮರ್ತಿರಲಿಲ್ಲ ತಾಯಿ."

ಗುರುಬಸಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಕಣ್ಣೊರೆಸಿಕೊಂಡು ಆಕೆ ಕೇಳಿದರು, "ಮತ್ಯಾಕೆ ಹಾರ್ಲಿಲ್ಲ?"

ಮೇಷ್ಟರು ಕಾಗದ ಬಿಚ್ಚಿ, ಕೊಳವೆಯನ್ನು ಭೂತಗನ್ನಡಿಯ ಕೆಳಗಿಟ್ಟರು. ರಂಧ್ರದ ತುಂಬ ಗಾರೆಯಂತೆ ಗಟ್ಟಿಯಾದ ಬಿಳಿಯ ಪದಾರ್ಥ, ಅದರ ತಲೆಯ ಮೇಲೊಂದು ಕೆಂಪು ಚುಕ್ಕೆ. ನನಗೆ ಆ ಕ್ಷಣವೇ ಹೊಳೆಯಿತು. ಬೆಂಚಿನ ಕೆಳಗೆ ಅವರ ಕಾಲನ್ನು ಒತ್ತಿದೆ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡು ಮುಂದುವರಿಸಿದರು.

"ಕಲಸಿದ ವಿಭೂತಿ. ಮೇಲೆ ಕುಂಕುಮ. ಕೇಪಿನ ಅಡಿಗೇ ಇದೆ, ಅಂದ್ರೆ ಕೇಪು ಇಡೋದಕ್ಕೆ ಮುಂಚಿಂದು. ಕಿಡಿಗೆ ಇಳಿಯೋಕೆ ದಾರಿ ಇರಲಿಲ್ಲ. ಅದಕ್ಕೆ ಮುಂಚೆ ಆಯುಧಪೂಜೆ ಆಗಿತ್ತಾ?"

ಆಕೆ ಭೂತಗನ್ನಡಿಯ ಮೇಲೆ ಬಗ್ಗಿ ಆ ಕೆಂಪು ಚುಕ್ಕೆಯನ್ನು ನೋಡಿದರು.

"ಆಗಿತ್ತು. ಪೂಜೆ ಮಾಡಿದ್ದು ನಾನೇ. ಕೋವಿ ಮೈಗೆಲ್ಲ ಈಬತ್ತಿ ಬಳಿದು, ಈ ಕೊಳವೆ ತುದಿನೇ ಹಣೆ ಇದ್ದ ಹಾಗೆ ಕಾಣ್ತಿತ್ತು, ಅಲ್ಲೇ ಕುಂಕುಮ ಇಟ್ಟೆ."

ಕೋವಿಯ ಬಗ್ಗೆ ಏನೂ ಅರಿಯದ ಒಂದು ಜೀವ, ಗಂಡನನ್ನು ಇದು ಕಾಯಲಿ ಎಂದು ಭಕ್ತಿಯಿಂದ ಒತ್ತಿದ ಬೊಟ್ಟು ಅದು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಆಕೆ ಚೀಲದಿಂದ ಫೋನು ತೆಗೆದು ರಾಮಾಂಜಿನಪ್ಪನವರ ಕೈಲಿ ಮತ್ತಿಕೆರೆಯ ನಂಬರು ಹಚ್ಚಿಸಿದರು.

"ಏಕಾಂತಯ್ಯಾ, ನಾನಪ್ಪ, ನಿನ್ನತ್ತಿಗೆ. ಫೋನ್ ಇಡ್ಬೇಡ. ಮದ್ದು ಇತ್ತು ಕಣೋ. ಈಗ ತೆಗೆಸ್ದೆ, ಕಣ್ಣಾರೆ ನೋಡ್ದೆ. ದಾರಿ ಕಟ್ಟಿದ್ದು ನನ್ನ ಈಬತ್ತಿ. ಬಯ್ಯೋದಿದ್ರೆ ನನ್ನ ಬಯ್ಯಿ. ಅವರನ್ನ ಬಿಟ್ಬಿಡು."

ಆ ಕಡೆಯಿಂದ ಏನೋ ಕ್ಷೀಣವಾಗಿ ಕೇಳಿಸಿತು. ಆಕೆ ಫೋನನ್ನು ಕಿವಿಯಿಂದ ದೂರ ಹಿಡಿದು ನಮ್ಮತ್ತ ತಿರುಗಿದರು.

"ಬರ್ತಾನಂತೆ. ಅಳ್ತಿದಾನೆ. ಅಣ್ಣನ ಫೋಟೋ ಎಲ್ಲಿಟ್ಟಿದೀರಿ ಅಂತ ಕೇಳ್ತಿದಾನೆ."

ವಾಪಸ್ಸು ಬರುವಾಗ ನಾನು ಮೇಷ್ಟರನ್ನು ತರಾಟೆಗೆ ತೆಗೆದುಕೊಂಡೆ. ಆ ಮುದುಕಿಯ ಮೇಲೆ ಇನ್ನೊಂದು ಭಾರ ಯಾಕೆ ಹೊರಿಸಿದಿರಿ, ತೇವಕ್ಕೆ ಕೆಟ್ಟಿತ್ತು ಅಂದಿದ್ದರೆ ಗಂಟೇನು ಹೋಗುತ್ತಿತ್ತು ಎಂದೆ. ಅವರು ನನ್ನನ್ನು ನಿಜವಾದ ವಿಸ್ಮಯದಿಂದ ನೋಡಿದರು.

"ಭಾರ ಹೊರಿಸ್ಲಿಲ್ಲವಲ್ರೀ. ಕಾರಣ ಹೇಳ್ದೆ. ಅರ್ಧ ಕಾರಣ ಹೇಳಿದ್ರೆ ಏಕಾಂತಯ್ಯ ನಂಬ್ತಿದ್ರಾ?"

ಇಂಥವರು ನಮ್ಮ ನಡುವೆ ವಿರಳ. ಇದ್ದರೂ ಅವರನ್ನು ನಾವು ಒರಟರೆಂದು, ಅರಸಿಕರೆಂದು ದೂರ ಕೂರಿಸುತ್ತೇವೆ. ಏನಾದರೂ ಕೆಟ್ಟಾಗ ನಮಗೆ ತುರ್ತಾಗಿ ಬೇಕಾಗುವುದು ಒಬ್ಬ ತಪ್ಪಿತಸ್ಥ. ಅವನು ಸಿಕ್ಕಿದ ಕೂಡಲೇ ನಮ್ಮ ಹುಡುಕಾಟ ಮುಗಿಯುತ್ತದೆ, ಅವನ ಆಯುಷ್ಯವೆಲ್ಲ ಅದರಲ್ಲಿ ಸವೆದರೂ ನಾವು ತಿರುಗಿ ನೋಡುವುದಿಲ್ಲ. ಇವರ ಹುಡುಕಾಟ ಶುರುವಾಗುವುದೇ ಅಲ್ಲಿಂದ ಮುಂದೆ. ಸಮಾಧಾನ ಹೇಳುವ ಜಾಣತನ ಇವರಿಗೆ ಬರುವುದಿಲ್ಲ. ಆದರೆ ಸತ್ತವನೊಬ್ಬನ ಮೇಲಿನ ಅಪವಾದವನ್ನು ಇಳಿಸಬಲ್ಲವರು ಇವರು ಮಾತ್ರ.